ದುಡ್ಡಿದ್ದರೂ ಸಿಗದ ಯಂತ್ರ

ಪ್ರಶ್ನೆ: ಅತ್ಯಾಧುನಿಕ ಚಿಪ್ ತಯಾರಿಸುವ ಯಂತ್ರವನ್ನು ಚೀನಾ ದುಡ್ಡು ಕೊಟ್ಟರೂ ಕೊಳ್ಳಲಾಗದೇಕೆ?

ಉತ್ತರ: ಇಯುವಿ (ಅತಿ ಕಿರು ತರಂಗಾಂತರದ ನೇರಳಾತೀತ ಬೆಳಕು) ಬಳಸುವ ಈ ಯಂತ್ರವನ್ನು ಮಾರುತ್ತಿರುವುದು ನೆದರ್ಲೆಂಡ್ಸಿನ ಎಎಸ್‌ಎಂಎಲ್ ಕಂಪನಿಯೊಂದೇ. ಸೆಕೆಂಡಿಗೆ ಸುಮಾರು 50,000 ತವರದ ಹನಿಗಳಿಗೆ ಲೇಸರ್ ಹೊಡೆದಾಗ ಹುಟ್ಟುವ 13.5 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ಜರ್ಮನಿಯ ಜೈಸ್ ಕಂಪನಿಯ ಕನ್ನಡಿಗಳು ಸಿಲಿಕಾನ್ ಬಿಲ್ಲೆಯತ್ತ ಹಾಯಿಸಿ ಚಿಪ್‌ನ ವಿನ್ಯಾಸ ಮೂಡಿಸುತ್ತವೆ. ಬೆಳಕಿನ ಮೂಲದ ತಂತ್ರಜ್ಞಾನ ಅಮೆರಿಕದ ಸ್ಯಾನ್ ಡಿಯಾಗೋದಿಂದ ಬಂದದ್ದಾದ್ದರಿಂದ ಅಮೆರಿಕದ ಮಾತಿಗೆ ಇಲ್ಲಿ ತೂಕ ಹೆಚ್ಚು. ಅದರ ಒತ್ತಡಕ್ಕೆ ಮಣಿದ ಡಚ್ ಸರ್ಕಾರ 2019ರಿಂದ ಚೀನಾಕ್ಕೆ ಇದರ ರಫ್ತನ್ನು ತಡೆಹಿಡಿದಿದೆ. 2023ರಲ್ಲಿ ಹಿಂದಿನ ತಲೆಮಾರಿನ ಕೆಲವು ಡಿಯುವಿ (ಇನ್ನಷ್ಟು ಉದ್ದ ತರಂಗಾಂತರದ ನೇರಳಾತೀತ ಬೆಳಕಿನ) ಯಂತ್ರಗಳಿಗೂ ಪರವಾನಗಿ ಕಡ್ಡಾಯವಾಯಿತು. ಆದರೆ ನಿರ್ಬಂಧ ತಂದದ್ದು ತಡೆಗಿಂತ ಹೆಚ್ಚಾಗಿ ತಡ ಎನ್ನಬೇಕು. ಅದೇ ವರ್ಷ ಹುವಾವೇ ಫೋನಿನಲ್ಲಿ ಚೀನಾದ ಎಸ್‌ಎಂಐಸಿ ತಯಾರಿಸಿದ 7 ನ್ಯಾನೋಮೀಟರ್ ದರ್ಜೆಯ ಮುಂದುವರಿದ ಚಿಪ್ ಕಾಣಿಸಿಕೊಂಡಿತು. ಅದನ್ನು ಮಾಡಿದ್ದು ಹಳೆಯ ಡಿಯುವಿ ಯಂತ್ರದಲ್ಲೇ, ಒಂದೇ ಪದರಕ್ಕೆ ಹಲವು ಬಾರಿ ಬೆಳಕು ಹಾಯಿಸಿ; ಈ ದಾರಿ ದುಬಾರಿ, ಕೆಟ್ಟುಹೋಗುವ ಚಿಪ್‌ಗಳೂ ಹೆಚ್ಚು.