ಲಂಡನ್ ಅಲ್ಲ, ಮೈಸೂರು ಗೆಜೆಟ್ ನೋಡಿ

ಹುಡುಕುತ್ತಿರುವ ಜಾಗವೇ ತಪ್ಪಿರಬೇಕು. ದಾವಣಗೆರೆಯ ನಿಮ್ಮ ಮುತ್ತಜ್ಜ 1910ರ ಸುಮಾರಿಗೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಇಂಗ್ಲೆಂಡಿನಿಂದ ಬಂದ ಪ್ರೊಫೆಸರ್ ಹತ್ತಿರ ಗಣಿತ ಕಲಿತು, ಚಿತ್ರದುರ್ಗದಲ್ಲಿ ಮೇಷ್ಟ್ರಾದರು ಎಂದಿದ್ದೀರಿ. ಇಬ್ಬರ ಹೆಸರೂ ಲಂಡನ್ನಿನ ದಾಖಲೆಗಳಲ್ಲಿ ಸಿಗುತ್ತಿಲ್ಲ, ಅಲ್ವಾ? 1881ರಿಂದ ಮೈಸೂರು ಮತ್ತೆ ಒಡೆಯರ ಸಂಸ್ಥಾನ. ಮೇಷ್ಟ್ರುಗಳ ಸಂಬಳ, ವರ್ಗಾವಣೆ ಎಲ್ಲಾ ಇಲ್ಲಿಯೇ, ಹಾಗಾಗಿ ದಾಖಲೆಯನ್ನೂ ಇಲ್ಲೇ ಹುಡುಕಬೇಕು.

ಮೊದಲು ಮದ್ರಾಸ್ ವಿಶ್ವವಿದ್ಯಾಲಯದ ಹಳೆಯ ಕ್ಯಾಲೆಂಡರ್‌ಗಳಲ್ಲಿ (ವಿಶ್ವವಿದ್ಯಾಲಯದ ವಾರ್ಷಿಕ ಕೈಪಿಡಿ) ಪದವೀಧರರ ಪಟ್ಟಿ ನೋಡಿ. ಮೈಸೂರು ವಿಶ್ವವಿದ್ಯಾಲಯ ಶುರುವಾಗಿದ್ದು 1916ರಲ್ಲಿ. ಅಲ್ಲಿಯವರೆಗೆ ಸೆಂಟ್ರಲ್ ಕಾಲೇಜಿನವರಿಗೆ ಮದ್ರಾಸಿನದೇ ಡಿಗ್ರಿ. ಪಾಸಾದ ವರ್ಷ ಸಿಕ್ಕಿದರೆ ಅರ್ಧ ಕೆಲಸ ಆದಂತೆ.

ಆಮೇಲೆ ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಆ ವರ್ಷದಿಂದ ಮುಂದಕ್ಕೆ ಮೈಸೂರು ಗೆಜೆಟ್, ಅಂದರೆ ಸಂಸ್ಥಾನದ ಸರ್ಕಾರಿ ಪ್ರಕಟಣೆಗಳ ಪತ್ರಿಕೆ, ಕೇಳಿ. ಇಂಗ್ಲಿಷಿನಲ್ಲಿ 'ಚಿತಲ್‌ದ್ರೂಗ್' (Chitaldroog, ಚಿತ್ರದುರ್ಗಕ್ಕೆ ಆಗಿನ ಇಂಗ್ಲಿಷ್ ಹೆಸರು) ಎಂದು ಹುಡುಕಿ. ನಾನು ನಮ್ಮ ತಾತನ ಹೆಸರಿಗಾಗಿ ಎರಡು ದಿನ 'ಚಿತ್ರದುರ್ಗ' ಎಂದೇ ಸುಮ್ನೆ ಪುಟ ತಿರುವಿದ್ದೆ. ದಾವಣಗೆರೆಯೂ ಆಗ ಅದೇ ಜಿಲ್ಲೆ. ಹೆಸರಿಗಿಂತ ಇನಿಷಿಯಲ್ ಜಾಸ್ತಿ ನಂಬಿ, ಕಾಗುಣಿತ ಪುಟಕ್ಕೊಂದು ತರ ಇರುತ್ತದೆ.

ಪ್ರೊಫೆಸರ್ ಊರಿಗೆ ಹೋಗಿಬರಲು ಉದ್ದ ರಜೆ ಹಾಕಿದ್ದರೆ ಅದೂ ಗೆಜೆಟ್‌ನಲ್ಲೇ ಬಂದಿರಬಹುದು. ಖಂಡಿತ ಎನ್ನಲಾರೆ. ಅವರ ಪೂರ್ತಿ ಹೆಸರು ಸಿಕ್ಕಿದ ಮೇಲೆ, ಕೇಂಬ್ರಿಜ್‌ನಲ್ಲಿ ಓದಿದವರಾಗಿರಬಹುದಾದ್ದರಿಂದ, ಅಲ್ಲಿನ ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿಗಳ ಪಟ್ಟಿ ನೋಡಿ. 1900ರೊಳಗೆ ಅಲ್ಲಿ ಸೇರಿದವರಲ್ಲಿ ಗೊತ್ತಿರುವವರೆಲ್ಲ ಅದರಲ್ಲಿದ್ದಾರೆ.