ನನ್ನ ಸಬ್‌ಮರೀನನ್ನು ಕೆಡವಿದ್ದು ಎರಡೂವರೆ ಸೆಂಟಿಮೀಟರ್ ಖಾಲಿ ಜಾಗ

ಡ್ರೋನ್ ಬಿಟ್ಟು ರಿಮೋಟಿನಿಂದ ಓಡೋ ಮಾಡೆಲ್ ಸಬ್‌ಮರೀನಿಗೆ ಬಂದಿದ್ದೀರಿ, 90 ಸೆಂಟಿಮೀಟರ್ ಉದ್ದದ್ದು, ತೂಕ ಉಳಿಸೋಕೆ ಲಿಪೋ (ಹಗುರಾದ ಲಿಥಿಯಂ ಪಾಲಿಮರ್) ಬ್ಯಾಟರಿ ಹಾಕಲಾ ಅಂತ ಕೇಳಿದ್ದೀರಿ. ಐದು ವರ್ಷದ ಹಿಂದೆ ನಾನೂ ಇದನ್ನೇ ಕೇಳಿಕೊಂಡು ಅಲೆದಿದ್ದೆ. ತೂಕ ಉಳಿಸಿ ಏನು ಮಾಡ್ತೀರಿ? ಇದು ಹಾರೋ ವಸ್ತು ಅಲ್ಲ. ಬ್ಯಾಟರಿಯಲ್ಲಿ ಉಳಿಸಿದಷ್ಟೂ ಸೀಸ ತಂದು ತುಂಬಬೇಕು. ಇಲ್ಲದಿದ್ದರೆ ಅದು ಮುಳುಗೋದೇ ಇಲ್ಲ.

ನನ್ನದು 91 ಸೆಂಟಿಮೀಟರ್. ವಿಶಾಖಪಟ್ಟಣದ ಬೀಚಿನಲ್ಲಿ ಐಎನ್‌ಎಸ್ ಕುರ್ಸುರ ನೋಡಿ ಬಂದ ಮೇಲೆ ಹತ್ತಿದ ಹುಚ್ಚು. 1969ರಿಂದ 2001ರವರೆಗೆ ನೌಕಾಪಡೆಯಲ್ಲಿ ದುಡಿದು ಈಗ ಮರಳಿನ ಮೇಲೆ ಮ್ಯೂಸಿಯಂ ಆಗಿ ಕೂತಿರೋ ಸಬ್‌ಮರೀನ್. ಉದ್ದ 91 ಮೀಟರ್ ಚಿಲ್ಲರೆ, ಅಗಲ ಏಳೂವರೆ. ನೂರರಲ್ಲಿ ಒಂದು ಪಾಲು ಮಾಡಿದರೆ ಅಗಲ ಸರಿಯಾಗಿ 75 ಎಂಎಂ ಪಿವಿಸಿ ಪೈಪಿನಷ್ಟು ಬರುತ್ತೆ. ಹುಬ್ಬಳ್ಳಿಯ ಯಾವ ಹಾರ್ಡ್‌ವೇರ್ ಅಂಗಡಿಗೆ ಹೋದರೂ ಸಿಗುತ್ತಲ್ಲ ಅಂತ ಕುಣಿದಾಡಿದ್ದೆ.

ಹೊರಗಿನ ಪೈಪಿನೊಳಗೆ ನೀರು ಆರಾಮಾಗಿ ಬಂದು ಹೋಗುತ್ತೆ. ಒಣಗಿರಬೇಕಾದದ್ದೆಲ್ಲ ಅದರೊಳಗಿನ ಇನ್ನೊಂದು ಕೊಳವೆಯಲ್ಲಿ: 63 ಎಂಎಂ ಅಕ್ರಿಲಿಕ್, ಅರ್ಧ ಮೀಟರ್ ಉದ್ದ, ಎರಡೂ ತುದಿಗೆ ಓ-ರಿಂಗ್ (ನೀರು ತಡೆಯೋ ರಬ್ಬರ್ ಬಳೆ) ಹಾಕಿದ ಮುಚ್ಚಳ. ಈ ಕೊಳವೆ ಒಂದೂವರೆ ಲೀಟರಿಗಿಂತ ಸ್ವಲ್ಪ ಜಾಸ್ತಿ ನೀರನ್ನು ಸರಿಸುತ್ತೆ. ಒಳಗಿನ ಸಾಮಾನೆಲ್ಲ ಸೇರಿ 1.6 ಕೆಜಿ ಹತ್ತಿರ ತೂಗದಿದ್ದರೆ ಬೆಂಡಿನ ಹಾಗೆ ತೇಲುತ್ತೆ. ಎರಡು ಸೆಲ್ಲಿನ 2200 ಎಂಎಎಚ್ ಲಿಪೋ ಸುಮಾರು 120 ಗ್ರಾಂ. ನಾನು ಹಾಕಿದ್ದು ಆರು ಸೆಲ್ಲಿನ ನಿಕಲ್ ಪ್ಯಾಕ್, 7.2 ವೋಲ್ಟ್, 380 ಗ್ರಾಂ. ಆ 260 ಗ್ರಾಂ ಜಾಸ್ತಿ ತೂಕ ನನಗೆ ಪುಕ್ಕಟೆ ಸಿಕ್ಕ ಸೀಸ. ಇಲ್ಲಿವರೆಗೂ ನಾನು ಮಾಡಿದ್ದು ಸರಿಯಾಗೇ ಇತ್ತು.

ತಪ್ಪಿದ್ದು ಅದನ್ನು ಕೂರಿಸಿದ ರೀತಿಯಲ್ಲಿ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಬೇಜಾರಾಗಬೇಡಿ.

ಒಳಗಿನ ಟ್ರೇ ಮೇಲೆ ಬ್ಯಾಟರಿಯನ್ನು ವೆಲ್ಕ್ರೋ ಪಟ್ಟಿಯಿಂದ ಅಂಟಿಸಿದ್ದೆ. ಡ್ರೋನಿನಲ್ಲಿ ನೀವೂ ಹಾಗೇ ಮಾಡಿರ್ತೀರಿ. ಬ್ಯಾಟರಿಯ ಮುಂದೆ ವೈರು ತಿರುಗಿಸೋಕೆ ಅಂತ ಎರಡೂವರೆ ಸೆಂಟಿಮೀಟರ್ ಜಾಗ ಬಿಟ್ಟಿದ್ದೆ. ವೆಲ್ಕ್ರೋ ಅಂಟಿಸೋ ಮೊದಲು ಏನು ಮಾಡ್ತಿದ್ದೆ? ಓ-ರಿಂಗಿಗೆ ಸಿಲಿಕಾನ್ ಗ್ರೀಸ್ ಹಚ್ಚುತ್ತಿದ್ದೆ. ಕೈಯನ್ನು ಬನಿಯನ್ನಿಗೆ ಒರೆಸಿಕೊಂಡು ಅದೇ ಬೆರಳಲ್ಲಿ ಟ್ರೇ ಹಿಡಿದು ಪಟ್ಟಿ ಒತ್ತಿದೆ. ಸಿಲಿಕಾನ್ ಗ್ರೀಸ್ ಮೇಲೆ ಯಾವ ಗಮ್ಮೂ ನಿಲ್ಲೋದಿಲ್ಲ. ನಿಂತ ಹಾಗೆ ನಾಟಕ ಮಾಡುತ್ತೆ, ಅಷ್ಟೆ.

ಆ ನಾಟಕ ಎಷ್ಟು ಚೆನ್ನಾಗಿತ್ತು ಅಂದರೆ ಮೂರು ವಾರ ನಮ್ಮನೆ ನೀರಿನ ಟಾಕಿಯಲ್ಲಿ ಎಲ್ಲ ಸರಿಯಾಗಿ ನಡೆಯಿತು. ನಮ್ಮೂರಲ್ಲಿ ನಳದ ನೀರು ದಿನಾ ಬರೋದಿಲ್ಲ, ಹಾಗಾಗಿ ಟಾಕಿ ದೊಡ್ಡದು. "ಕುಡಿಯೋ ನೀರಾಗ ನಿನ್ನ ಹಡಗ ಬ್ಯಾಡ" ಅಂತ ಅವ್ವ ದಿನಾ ಬೈಯುತ್ತಿದ್ದಳು. ಟಾಕಿಯಲ್ಲಿ ಹಡಗು ಮಟ್ಟಸವಾಗಿ ಮುಳುಗುತ್ತೆ, ಮಟ್ಟಸವಾಗಿ ಏಳುತ್ತೆ. ಮೂಗು ಬಗ್ಗಿಸೋಕೆ ಅಲ್ಲಿ ಜಾಗವೇ ಇಲ್ಲ. ಮೂಗು ಬಗ್ಗದಿದ್ದರೆ ಬ್ಯಾಟರಿ ಯಾಕೆ ಜಾರುತ್ತೆ?

ದೀಪಾವಳಿ ಆದ ವಾರ ಅಣ್ಣಿಗೇರಿ ಕಡೆ ಇರೋ ಸೋದರಮಾವನ ಹೊಲಕ್ಕೆ ಒಯ್ದೆ. ಅಲ್ಲಿ ಕೃಷಿ ಹೊಂಡ ಇದೆ, 21 ಮೀಟರ್ ಉದ್ದಗಲ, 3 ಮೀಟರ್ ಆಳ. ತುಂಬಿ ನಿಂತಿತ್ತು. ಎರಡು ಸುತ್ತು ಮೇಲೇ ಓಡಿಸಿದೆ. ಮುಳುಗೋಕೆ ಅಂತ ಹಡಗಿನೊಳಗಿರೋ ಟ್ಯಾಂಕಿಗೆ ನೀರು ತಗೊಂಡೆ, ಮೂಗನ್ನು ಮೇಲೆ ಕೆಳಗೆ ಮಾಡೋ ರೆಕ್ಕೆ ಬಗ್ಗಿಸಿದೆ, ಚೆಂದಾಗಿ ಒಳಗೆ ಹೋಯಿತು. ಆಮೇಲೆ ಮೂಗು ಇನ್ನೂ ಕೆಳಗೆ ಹೋಯಿತು. ಬಾಲ ನೀರಿನ ಮೇಲೆ ಒಮ್ಮೆ ಕಾಣಿಸಿ ಮಾಯ.

ಒಳಗೆ ಆದದ್ದು ಇಷ್ಟು. ಮೂಗು ಸ್ವಲ್ಪ ಬಗ್ಗಿತು, ಬ್ಯಾಟರಿ ಮುಂದೆ ಜಾರಿತು. ಜಾರಿದ್ದಕ್ಕೆ ಮೂಗು ಇನ್ನಷ್ಟು ಬಗ್ಗಿತು, ಅದಕ್ಕೆ ಬ್ಯಾಟರಿ ಇನ್ನಷ್ಟು ಜಾರಿತು. ಲೆಕ್ಕ ಹಾಕಿ ನೋಡಿ. 380 ಗ್ರಾಂ ತೂಕ ಎರಡೂವರೆ ಸೆಂಟಿಮೀಟರ್ ಸರಿದರೆ, ಗುಣಿಸಿ, 950. ಅದನ್ನು ತಡೆದು ಹಡಗನ್ನು ಮಟ್ಟಸ ಇಡೋದು ಯಾವುದು? ಒಟ್ಟು ತೂಕ 1600 ಗ್ರಾಂ, ಮತ್ತು ಆ ತೂಕದ ಕೇಂದ್ರ ತೇಲುವ ಕೇಂದ್ರಕ್ಕಿಂತ (ನೀರು ಮೇಲಕ್ಕೆ ತಳ್ಳೋ ಬಲದ ಕೇಂದ್ರಕ್ಕಿಂತ) ಎಷ್ಟು ಕೆಳಗಿದೆ ಅನ್ನೋದು. ನನ್ನದರಲ್ಲಿ ಬರೀ 8 ಮಿಲಿಮೀಟರ್, ಅಂದರೆ 0.8 ಸೆಂಟಿಮೀಟರ್. ಗುಣಿಸಿದರೆ 1280. 950ನ್ನು 1280ರಿಂದ ಭಾಗಿಸಿ, ಅದು ಯಾವ ಕೋನದ ಟ್ಯಾನ್ ಅಂತ ಕ್ಯಾಲ್ಕುಲೇಟರಿನಲ್ಲಿ ಒತ್ತಿ. 36 ಡಿಗ್ರಿ ಚಿಲ್ಲರೆ. ನಿಂತ ನೀರಿನಲ್ಲೇ ಇಷ್ಟು. ನಾನೋ ಗಾಬರಿಯಲ್ಲಿ ಫುಲ್ ಸ್ಪೀಡ್ ಮುಂದಕ್ಕೆ ಕೊಟ್ಟೆ. ರೆಕ್ಕೆ ಎತ್ತಿದ್ದೇನೆ, ವೇಗ ಸಿಕ್ಕರೆ ಮೇಲೆ ಬರುತ್ತೆ ಅಂದುಕೊಂಡೆ. ಅದು ನೇರ ಹೋಗಿ ತಳದ ಎರೆ ಮಣ್ಣಿನ ರಾಡಿಯಲ್ಲಿ ಮೂಗು ನೆಟ್ಟಿತು.

ರಿಮೋಟ್ ಆಫ್ ಮಾಡಿದೆ. ಸಿಗ್ನಲ್ ಹೋದರೆ ಫೇಲ್‌ಸೇಫ್ ಬೋರ್ಡ್ ಮೋಟಾರು ನಿಲ್ಲಿಸಿ ಟ್ಯಾಂಕಿನ ನೀರನ್ನು ಹೊರಗೆ ತಳ್ಳಬೇಕು. ತಳ್ಳಿರಲೂಬಹುದು. ಆದರೆ ಆ ಟ್ಯಾಂಕು 120 ಎಂಎಲ್. 120 ಗ್ರಾಂ ಎತ್ತುವ ಬಲಕ್ಕೆ ಎರೆ ಮಣ್ಣು ಬಿಟ್ಟುಕೊಡುತ್ತಾ?

ಮಾವ ಬಂದು ನೋಡಿದರು. "ಮುಳಗಾಕಂತನ ಮಾಡಿದ್ದಲ್ಲೋ, ಮುಳಗೇತಿ. ಮತ್ಯಾಕ ಮಾರಿ ಸಣ್ಣ ಮಾಡೀದಿ?" ಅಂದರು. ನಾನು ಇಳೀತೀನಿ ಅಂದದ್ದಕ್ಕೆ ರಟ್ಟೆ ಹಿಡಿದು ಎಳೆದು ಕೂರಿಸಿದರು. ಅವರು ಮಾಡಿದ್ದೇ ಸರಿ. ಹೊಂಡದ ಪ್ಲಾಸ್ಟಿಕ್ ಹಾಸಿನ ಮೇಲೆ ಕಾಲು ಜಾರಿದರೆ ಈಜು ಬರುವವರಿಗೂ ಮೇಲೆ ಬರೋದು ಕಷ್ಟ. ಮಾರನೇ ದಿನ ಊರಲ್ಲಿ ಯಾರದೋ ಮನೆಯಿಂದ ಪಾತಾಳಗರಡಿ ತಂದು, ಬಾವಿಗೆ ಬಿದ್ದ ಕೊಡ ಹುಡುಕೋ ಹಾಗೆ ಎರಡು ತಾಸು ಹುಡುಕಿದೆವು. ಅದರ ಕೊಕ್ಕೆ ಸಿಕ್ಕಿಕೊಂಡದ್ದು ಪ್ರೊಪೆಲ್ಲರಿಗೆ. ಎಳೆದ ರಭಸಕ್ಕೆ ಶಾಫ್ಟ್ ಸೀಲಿನಿಂದ ಕಿತ್ತು ಬಂತು. ರಾತ್ರಿಯೆಲ್ಲ 3 ಮೀಟರ್ ಆಳದಲ್ಲಿ ಒಂದು ಹನಿಯನ್ನೂ ಒಳಗೆ ಬಿಡದ ಕೊಳವೆ, ಮೇಲೆ ಬರುವಾಗ ಕಣ್ಣೆದುರೇ ತುಂಬಿಕೊಂಡಿತು. ರಿಮೋಟಿನ ಸಿಗ್ನಲ್ ಹಿಡಿಯೋ ರಿಸೀವರ್, ಮೋಟಾರಿನ ವೇಗ ನೋಡಿಕೊಳ್ಳೋ ಇಎಸ್‌ಸಿ, ಬ್ಯಾಟರಿ ಮೂರೂ ಹೋದವು. ನಾಲ್ಕು ತಿಂಗಳ ಕೆಲಸ.

ಹಾಗಾಗಿ ಲಿಪೋನಾ ನಿಕಲ್ಲಾ ಅಂತ ನನ್ನನ್ನು ಕೇಳಬೇಡಿ. ಯಾವುದಾದರೂ ಹಾಕಿ, ನನಗೇನೂ ಇಲ್ಲ. ಆದರೆ ಅದು ಕೊಳವೆಯ ತಳದಲ್ಲಿ, ನಡುವಿಗೆ ಹತ್ತಿರ ಇರಲಿ. ಕುರ್ಸುರದಲ್ಲೂ ನೀವು ನಡೆದಾಡೋ ನೆಲದ ಕೆಳಗೇ ಬ್ಯಾಟರಿ ಇದ್ದದ್ದು. ಹಿಂದೆ ಮುಂದೆ ಕಟ್ಟಿಗೆ ತುಂಡು ಇಟ್ಟು ಸ್ಕ್ರೂ ಹೊಡೆಯಿರಿ. ಆಮೇಲೆ ಕೊಳವೆಯನ್ನು ತಲೆಕೆಳಗಾಗಿ ನಿಲ್ಲಿಸಿ ಅಲ್ಲಾಡಿಸಿ. ಒಳಗೆ ಟಕ್ ಅಂದರೆ ನೀರಿಗಿಳಿಸಬೇಡಿ.

ಲಿಪೋ ಹಾಕೋದೇ ಆದರೆ ಸೆಲ್ 3 ವೋಲ್ಟಿಗಿಂತ ಕೆಳಗೆ ಇಳಿಯದ ಹಾಗೆ ನೋಡಿಕೊಳ್ಳಿ, ಚಾರ್ಜ್ ಮಾಡುವಾಗ ಕೊಳವೆಯಿಂದ ಹೊರಗೆ ತೆಗೆಯಿರಿ. ಸ್ಕೂಟರಿನ ಲೆಡ್ ಆಸಿಡ್ ಬ್ಯಾಟರಿ ಅಂತೂ ಮುಚ್ಚಿದ ಕೊಳವೆಯಲ್ಲಿ ಚಾರ್ಜ್ ಮಾಡಲೇಬೇಡಿ, ಹೈಡ್ರೋಜನ್ ಬಿಡುತ್ತೆ.

ಇನ್ನು ನಿಮ್ಮ ಡ್ರೋನಿನ 2.4 ಗಿಗಾಹರ್ಟ್ಸ್ ರಿಮೋಟ್. ಅದನ್ನು ಮರೆತುಬಿಡಿ. ಆ ಅಲೆಯನ್ನು ನೀರು ನುಂಗುತ್ತೆ, ಆಂಟೆನಾ ಗೇಣುದ್ದ ಕೆಳಗಿಳಿಯುವಷ್ಟರಲ್ಲಿ ಸಿಗ್ನಲ್ ಹೋಗುತ್ತೆ. 27 ಮೆಗಾಹರ್ಟ್ಸಿನಂಥ ಹಳೇ ಸೆಟ್ಟು ಸಿಹಿ ನೀರಿನಲ್ಲಿ ಕೆಲವು ಮೀಟರ್ ಆಳಕ್ಕೂ ಮುಟ್ಟುತ್ತೆ. ಕಾರವಾರಕ್ಕೆ ಒಯ್ದು ಸಮುದ್ರದಲ್ಲಿ ಬಿಡೋ ಆಸೆ ಇದ್ದರೆ, ಉಪ್ಪು ನೀರಿನಲ್ಲಿ ಅದೂ ನಡೆಯೋದಿಲ್ಲ. ರಿಸೀವರನ್ನು ಮೋಟಾರಿನಿಂದ ದೂರ, ಮೇಲ್ಗಡೆ ಇಡಿ. ಬ್ರಷ್ ಮೋಟಾರಾದರೆ ಅದರ ಎರಡು ಕಾಲಿಗೂ 104 ಕೆಪಾಸಿಟರ್ ಬೆಸೆಯಿರಿ, ಇಲ್ಲದಿದ್ದರೆ ರೆಕ್ಕೆ ತಿರುಗಿಸೋ ಸರ್ವೋ ಮೋಟಾರು ಸುಮ್ನೆ ನಡುಗುತ್ತಿರುತ್ತೆ.

ಗದಗಿನವರು ಅಂದಿದ್ದೀರಿ. ಮೊದಲ ದಿನವೇ ಭೀಷ್ಮ ಕೆರೆಗೆ ಹೋಗಬೇಡಿ. ತಳ ಕಾಣೋ ನೀರು ಹುಡುಕಿ, ಬಾಲಕ್ಕೊಂದು ಗಾಳದ ದಾರ ಕಟ್ಟಿ.

ಸೀಸಕ್ಕೆ ಟೈರ್ ಅಂಗಡಿಯಲ್ಲಿ ಕೇಳಿ. ಚಕ್ರ ಬ್ಯಾಲೆನ್ಸ್ ಮಾಡೋಕೆ ಅಂಟಿಸೋ ಸಣ್ಣ ತುಂಡುಗಳಿರುತ್ತವೆ. ಕಬ್ಬಿಣದ್ದು ಕೊಟ್ಟರೆ ಬೇಡ ಅನ್ನಿ, ತುಕ್ಕು ಹಿಡಿಯುತ್ತೆ. ಅದರ ಹಿಂದೆ ಗಮ್ ಹಚ್ಚಿರುತ್ತೆ. ಆ ಗಮ್ಮನ್ನೂ ನಂಬಬೇಡಿ, ಮೇಲೊಂದು ಪ್ಲಾಸ್ಟಿಕ್ ಕೇಬಲ್ ಟ್ಯಾಗ್ ಬಿಗಿಯಿರಿ.