ಅರ್ಧ ಗಂಟೆ ಓಡಿ ನಿಲ್ಲುವ ಹುಲ್ಲಿನ ಗಾಡಿ

ಪ್ರಶ್ನೆ: ಸರ್, ನಮಸ್ಕಾರ. ಕೊಪ್ಪಳದ ಹತ್ತಿರ ಒಂದು ವಸತಿ ಶಾಲೆಯ ಮೈದಾನ ನೋಡಿಕೊಳ್ಳುತ್ತೇನೆ. ಕೂತು ಓಡಿಸುವ ಹುಲ್ಲು ಕತ್ತರಿಸುವ ಗಾಡಿ ಇದೆ, ಪೆಟ್ರೋಲಿನದು. ಸ್ಟಾರ್ಟ್ ಚೆನ್ನಾಗಿಯೇ ಆಗುತ್ತದೆ. ಅರ್ಧ ಗಂಟೆ ಓಡಿದ ಮೇಲೆ ಕೆಮ್ಮಿ ಕೆಮ್ಮಿ ನಿಲ್ಲುತ್ತದೆ. ಕಾಲು ಗಂಟೆ ಬಿಟ್ಟರೆ ಮತ್ತೆ ಸ್ಟಾರ್ಟ್. ಒಬ್ಬರು ಪ್ಲಗ್ ಬದಲಿಸಿದರು, ಇನ್ನೊಬ್ಬರು ಕಾರ್ಬೋರೇಟರ್ ತೊಳೆದರು. ಈಗ ಮೂರನೆಯವರು ಸೀಟಿನ ಕೆಳಗಿನ ಸ್ವಿಚ್ಚಿನದೇ ತೊಂದರೆ, ವೈರ್ ಡೈರೆಕ್ಟ್ ಮಾಡಿಬಿಡೋಣ ಅನ್ನುತ್ತಿದ್ದಾರೆ. ಮಾಡಿಸಲಾ?

ಉತ್ತರ: ಬೇಡ, ಖಂಡಿತ ಬೇಡ. ಬ್ಲೇಡು ತಿರುಗುವಾಗ ನೀವು ಸೀಟಿನಿಂದ ಎದ್ದರೆ ಅಥವಾ ಬಿದ್ದರೆ ಇಂಜಿನ್ ನಿಲ್ಲಿಸುವುದೇ ಆ ಸ್ವಿಚ್ಚಿನ ಕೆಲಸ. ನಿಮ್ಮದು ಮಕ್ಕಳು ಓಡಾಡುವ ಜಾಗ. ರಿಪೇರಿಗೆ ಬಂದ ಗಾಡಿಯಲ್ಲಿ ಆ ಎರಡು ವೈರು ಸೇರಿಸಿ ಟೇಪು ಸುತ್ತಿದ್ದು ಕಂಡರೆ ನಾನು ಮೊದಲು ಅದನ್ನು ಬಿಚ್ಚಿ ಸರಿ ಮಾಡುತ್ತೇನೆ, ಆಮೇಲೆ ಉಳಿದ ಕೆಲಸ.

ಇನ್ನೊಂದು ಮಾತು. ಸ್ವಿಚ್ ಕೆಟ್ಟರೆ ಇಂಜಿನ್ ದೀಪ ಆರಿದ ಹಾಗೆ ಟಕ್ಕಂತ ನಿಲ್ಲುತ್ತದೆ. ನಿಮ್ಮದು ಕೆಮ್ಮುತ್ತದೆ ಅಂದಿರಿ. ಕೆಮ್ಮುವ ಇಂಜಿನ್ನಿಗೆ ಪೆಟ್ರೋಲ್ ಸಾಲುತ್ತಿಲ್ಲ ಅಂತಲೇ ನಾನು ಮೊದಲು ಅನುಮಾನ ಪಡುವುದು.

ಟ್ಯಾಂಕಿನ ಮುಚ್ಚಳ ನೋಡಿದ್ದೀರಾ? ಎಷ್ಟೋ ಗಾಡಿಗಳಲ್ಲಿ ಅದಕ್ಕೆ ಸೂಜಿ ಮೊನೆಯಷ್ಟು ಸಣ್ಣ ಗಾಳಿ ತೂತು ಇರುತ್ತದೆ. ಪೆಟ್ರೋಲ್ ಇಳಿದಷ್ಟೂ ಆ ತೂತಿನಿಂದ ಗಾಳಿ ಒಳಗೆ ಹೋಗಬೇಕು. ಧೂಳು ಕೂತು ತೂತು ಮುಚ್ಚಿದರೆ ಗಾಳಿ ಹೋಗುವುದಿಲ್ಲ, ಪೆಟ್ರೋಲ್ ಇಳಿಯುವುದಿಲ್ಲ. ನಿಲ್ಲಿಸಿಟ್ಟರೆ ನಿಧಾನಕ್ಕೆ ಗಾಳಿ ಸೇರಿಕೊಂಡು ಮತ್ತೆ ಸ್ಟಾರ್ಟ್ ಆಗುತ್ತದೆ. ತೋರಣಗಲ್ಲು ಕಡೆ ಒಂದು ಮೈದಾನದಲ್ಲಿ ಇದೇ ತೊಂದರೆಗೆ ನಾನು ಎರಡು ದಿನ ಕೂತಿದ್ದೆ. ಮೂರು ಸಲ ಕಾರ್ಬೋರೇಟರ್ ಬಿಚ್ಚಿದೆ. ಮೂರನೇ ದಿನ ಪೆಟ್ರೋಲ್ ಹಾಕಿದ ಹುಡುಗ ಮುಚ್ಚಳ ಬಿಗಿ ಮಾಡುವುದನ್ನು ಮರೆತ. ಅವತ್ತು ಗಾಡಿ ಮಧ್ಯಾಹ್ನದ ತನಕ ನಿಲ್ಲಲೇ ಇಲ್ಲ. ಮುಚ್ಚಳ ತಿರುವಿ ನೋಡಿದೆ. ಅಲ್ಲಿಯ ಕೆಂಪು ಅದಿರಿನ ಧೂಳು ಪೆಟ್ರೋಲಿಗೆ ಹತ್ತಿ, ಅರೆದ ಕುಂಕುಮದ ಹಾಗೆ ತೂತಿನಲ್ಲಿ ಗಟ್ಟಿಯಾಗಿ ಕೂತಿತ್ತು.

ಗಾಡಿ ನಿಂತ ತಕ್ಷಣ ಮುಚ್ಚಳವನ್ನು ಒಂದು ಸುತ್ತು ಸಡಿಲ ಮಾಡಿ. ಪೂರ್ತಿ ತೆಗೆಯಬೇಡಿ, ಇಂಜಿನ್ ಬಿಸಿ ಇರುತ್ತದೆ. ಹತ್ತಿರ ಯಾರೂ ಬೀಡಿ ಸೇದುತ್ತಿರಬಾರದು. ಸುಂಯ್ ಅಂತ ಗಾಳಿ ಎಳೆದುಕೊಂಡು ಕೂಡಲೇ ಸ್ಟಾರ್ಟ್ ಆದರೆ ಕಳ್ಳ ಸಿಕ್ಕ. ಆರಿದ ಮೇಲೆ ಮುಚ್ಚಳ ತೆಗೆದು ಪೆಟ್ರೋಲಿನಲ್ಲಿ ತೊಳೆಯಿರಿ, ಗಾಳಿ ಊದಿಸಿ. ಆಗಲೂ ಸರಿಹೋಗದಿದ್ದರೆ ಹೊಸ ಮುಚ್ಚಳ ಹಾಕಿಸಿ. ಸಡಿಲ ಮುಚ್ಚಳದಲ್ಲೇ ದಿನಾ ಓಡಿಸಬೇಡಿ, ಪೆಟ್ರೋಲ್ ತುಳುಕುತ್ತದೆ.

ಅದಲ್ಲ ಅಂತಾದರೆ ಇಂಜಿನ್ ಕಾಯುತ್ತಿರಬಹುದು. ಮೇಲಿನ ಫ್ಯಾನಿನ ಕವರ್ ಬಿಚ್ಚಿ. ಒಣ ಹುಲ್ಲು ಒಳಗೆ ಸೇರಿ ಇಂಜಿನ್ನಿನ ರೆಕ್ಕೆಗಳ ಮೇಲೆ ಕಂಬಳಿ ಹೊದಿಸಿದ ಹಾಗೆ ಕೂತಿರುತ್ತದೆ. ಇದು ಗಾಳಿಯಿಂದಲೇ ತಣಿಯುವ ಇಂಜಿನ್. ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ಅದರ ಮೇಲೆ ಕಂಬಳಿ ಬೇರೆ. ಬ್ರಷ್ಷಿನಿಂದ ತೆಗೆಯಿರಿ, ಬಿಸಿ ಇಂಜಿನ್ನಿಗೆ ನೀರು ಹೊಡೆಯಬೇಡಿ. ಅದೂ ಸರಿ ಇದ್ದರೆ ಉಳಿದದ್ದು ಪ್ಲಗ್ಗಿಗೆ ಕಿಡಿಯ ಕರೆಂಟು ಕೊಡುವ ಕಾಯಿಲ್. ಕೆಲವು ಕಾಯಿಲ್ ಬಿಸಿಯಾದಾಗ ಮಾತ್ರ ಕೈಕೊಡುತ್ತವೆ. ಗಾಡಿ ನಿಂತ ಆ ಹೊತ್ತಿನಲ್ಲೇ, ಹಳೇ ಪ್ಲಗ್ ಇಂಜಿನ್ನಿನಲ್ಲೇ ಇರಲಿ, ವೈರಿಗೆ ಬೇರೊಂದು ಪ್ಲಗ್ ಸಿಕ್ಕಿಸಿ ಇಂಜಿನ್ನಿನ ಲೋಹಕ್ಕೆ ತಾಗಿಸಿ, ಸೆಲ್ಫ್ ಹೊಡೆದು ಕಿಡಿ ಬರುತ್ತದಾ ನೋಡಿ. ತಣ್ಣಗಾದ ಮೇಲೆ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಪ್ರಶ್ನೆ: ನಮ್ಮ ಗಾಡಿ ಒಂದು ಕಡೆ ಬೋಳು ಹೊಡೆಯುತ್ತದೆ, ಇನ್ನೊಂದು ಕಡೆ ಹುಲ್ಲು ಉಳಿಸುತ್ತದೆ. ಬ್ಲೇಡು ಹೊಸದು. (ಸಿಂಧನೂರಿನ ಓದುಗರೊಬ್ಬರು)

ಉತ್ತರ: ಬ್ಲೇಡು ಬಿಡಿ, ಟೈರಿನ ಗಾಳಿ ನೋಡಿ. ನಾಲ್ಕು ಟೈರಿನ ಮೇಲೆ ಕೂತ ಗಾಡಿ ಅದು. ಒಂದರಲ್ಲಿ ಗಾಳಿ ಕಡಿಮೆಯಾದರೆ ಬ್ಲೇಡಿನ ತಟ್ಟೆ ಆ ಕಡೆ ವಾಲುತ್ತದೆ. ಬಳ್ಳಾರಿ ಜಾಲಿ ಮುಳ್ಳು ನಮ್ಮ ಜಿಲ್ಲೆಗಳಲ್ಲಿ ಎಲ್ಲಿಲ್ಲ ಹೇಳಿ? ಚುಚ್ಚಿಕೊಂಡು ಒಳಗೇ ಮುರಿದಿರುತ್ತದೆ, ರಾತ್ರಿಯೆಲ್ಲಾ ಸಣ್ಣಗೆ ಗಾಳಿ ಬಿಡುತ್ತದೆ. ಪಂಕ್ಚರ್ ಅಂಗಡಿಗೆ ಒಯ್ದರೆ ಸ್ಕೂಟರಿನ ಲೆಕ್ಕದಲ್ಲಿ 25, 30 ಹೊಡೆದು ಕಳಿಸುತ್ತಾರೆ. ಇದಕ್ಕೆ ಅಷ್ಟು ಬೇಡ. ಸಾಮಾನ್ಯವಾಗಿ ಮುಂದೆ 14, ಹಿಂದೆ 10 ಪಿಎಸ್‌ಐ ಸಾಕು. ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಇದ್ದರೆ ಅದನ್ನೇ ಹಿಡಿಯಿರಿ. ಗಾಳಿ ಸಮ ಮಾಡಿ, ಸಿಮೆಂಟು ನೆಲದ ಮೇಲೆ ನಿಲ್ಲಿಸಿ, ಆಮೇಲೆ ತಟ್ಟೆಯ ಎತ್ತರ ಎರಡೂ ಕಡೆ ಅಳೆಯಿರಿ. ಕೆಳಗೆ ಕೈ ಹಾಕುವ ಮೊದಲು ಚಾವಿ ತೆಗೆದು ಪ್ಲಗ್ಗಿನ ವೈರ್ ಕಿತ್ತಿಡಿ. ಪ್ರತಿ ಸಲವೂ.

ಪ್ರಶ್ನೆ: ಬೇಸಿಗೆಯಲ್ಲಿ ಹುಲ್ಲು ಬೆಳೆಯುವುದಿಲ್ಲ, ನಾಲ್ಕು ತಿಂಗಳು ಗಾಡಿ ನಿಂತಿರುತ್ತದೆ. ಮಳೆ ಬಿದ್ದ ಮೇಲೆ ಸ್ಟಾರ್ಟೇ ಆಗುವುದಿಲ್ಲ. ಪ್ರತಿ ವರ್ಷ ಇದೇ ಕಥೆ. (ಬಳ್ಳಾರಿಯಿಂದ ಒಬ್ಬ ಅಕ್ಕಾವರು)

ಉತ್ತರ: ಅಕ್ಕಾರೆ, ನಿಲ್ಲಿಸುವ ದಿನವೇ ಟ್ಯಾಂಕ್ ಖಾಲಿ ಮಾಡಿ. ಉಳಿದದ್ದು ಮುಗಿದು ಇಂಜಿನ್ ತಾನಾಗಿಯೇ ನಿಲ್ಲುವ ತನಕ ಓಡಿಸಿ. ಈಗಿನ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಇದೆ, ಅದು ನೀರಿನ ಪಸೆ ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತ ಪೆಟ್ರೋಲ್ ಕಾರ್ಬೋರೇಟರಿನಲ್ಲಿ ಅಂಟಾಗಿ ಕೂರುತ್ತದೆ. ಬ್ಯಾಟರಿ ಬಿಚ್ಚಿ ಮನೆಯೊಳಗೆ ಇಡಿ, ತಿಂಗಳಿಗೊಮ್ಮೆ ಚಾರ್ಜ್ ಮಾಡಿಸಿ. ಆಯಿಲ್ ಕೂಡ ಆಗಲೇ ಬದಲಿಸಿ, ಜೂನ್ ತನಕ ಕಾಯಬೇಡಿ. ಮಳೆ ಬಂದ ಮೇಲೆ ಚಾವಿ ತಿರುವುವ ಮೊದಲು ಫ್ಯಾನಿನ ಕವರ್ ಒಳಗೆ ಟಾರ್ಚ್ ಬಿಟ್ಟು ನೋಡಿ. ಹೋದ ವರ್ಷ ಒಂದು ಗಾಡಿಯಲ್ಲಿ ಅಳಿಲು ಗೂಡು ಕಟ್ಟಿ ಮೂರು ಮರಿ ಹಾಕಿತ್ತು. ಅವು ದೊಡ್ಡವಾಗಿ ಹೋಗುವ ತನಕ ನಾವು ಆ ಗಾಡಿ ಮುಟ್ಟಲಿಲ್ಲ.